ಗಿರಿಯಮ್ಮನ ಒಂದು ಏಟು

ಫೆಬ್ರವರಿ ಹನ್ನೊಂದು, ಬುಧವಾರ, ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷ. ಗಿರಿಯಮ್ಮನ ತೋರುಬೆರಳು ಕರಿಗಲ್ಲಿನ ಮೇಲೆ ಎಡದಿಂದ ಬಲಕ್ಕೆ ಸರಿಯಿತು, ನಿಂತಿತು, ಮತ್ತೆ ಎಡಕ್ಕೆ ಬಂದಿತು. ಗಳಿಗೆಯನ್ನು ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಆಕೆಯ ಮುಖ ನೋಡಲಾರದೆ ನಾನು ಕೈಗಡಿಯಾರ ನೋಡಿಕೊಂಡೆ.

ನಾನಾಗ ಊರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ಯುದ್ಧ ಮುಗಿದು ಬಹಳ ವರ್ಷಗಳಾದ ಮೇಲೆ ನಮ್ಮಲ್ಲಿ ರಾಷ್ಟ್ರೀಯ ಸ್ಮಾರಕವೊಂದು ಎದ್ದಿತು. ನಮ್ಮ ಸೀಮೆಯಿಂದ ಹೋಗಿ ಸತ್ತ ಇಪ್ಪತ್ಮೂರು ಸೈನಿಕರಿಗೆ ಒಂದು ಚಪ್ಪಡಿ. ಗಾಯಾಳುಗಳನ್ನು ಹೊತ್ತು ತರಲು ತಾವಾಗಿಯೇ ಹೋಗಿ ಸತ್ತ ಹದಿನಾಲ್ಕು ಸ್ವಯಂಸೇವಕರಿಗೆ ಇನ್ನೊಂದು. ಆ ಹದಿನಾಲ್ವರಲ್ಲಿ ಗಿರಿಯಮ್ಮನ ಅಣ್ಣ ಓಬಳಯ್ಯನೂ ಒಬ್ಬ. ಅವನ ಹೆಣ ಊರಿಗೆ ಬರಲಿಲ್ಲ. ಸಮಾಧಿಯಿಲ್ಲ, ಪಟವಿಲ್ಲ. ಪಟವಿದ್ದರೂ ಈಗ ನೋಡಲು ಆಕೆಗೆ ಕಣ್ಣಿರಲಿಲ್ಲ.

ಕಲ್ಲಿನ ಮೇಲೆ ಹೆಸರು ಕೊರೆಯುವುದಕ್ಕೆ ನಮ್ಮ ಕಲ್ಲುಕುಟಿಗರಲ್ಲಿ ಒಂದು ಪದ್ಧತಿಯಿದೆ. ಸತ್ತವನ ಮನೆಯವರೊಬ್ಬರನ್ನು ಕರೆದು ಮೊದಲ ಏಟನ್ನು ಅವರ ಕೈಯಿಂದಲೇ ಹಾಕಿಸುತ್ತಾರೆ. ಮಿಕ್ಕ ಕೆಲಸ ಕುಟಿಗನದು. ಗಿರಿಯಮ್ಮ ಆರು ತಿಂಗಳಿಂದ ಅದೊಂದು ಕರೆಗಾಗಿ ಕಾಯುತ್ತಿದ್ದಳು. ಕಾಲೇಜಿನ ದಾರಿಯಲ್ಲಿ ನನ್ನ ಹೆಜ್ಜೆಯ ಸದ್ದನ್ನೇ ಗುರುತು ಹಿಡಿದು ಕೇಳುತ್ತಿದ್ದಳು:

"ಮೇಷ್ಟ್ರೇ, ನಮ್ಮಣ್ಣನ ಸರದಿ ಬಂತಾ? ಕೈ ನಡುಗ್ತದೆ ಅಂತ ನನ್ನ ಬಿಟ್ಟುಗಿಟ್ಟಾರು. ಒಂದೇಟು ಹೊಡೆಯೋ ಶಕ್ತಿ ಐತೆ ಅಂತ ಹೇಳಿ ಅವ್ರಿಗೆ."

ನನ್ನನ್ನು ಕೇಳಲು ಕಾರಣವಿತ್ತು. ಹಳೆಯ ಸ್ಮಾರಕವೊಂದರ ಅಕ್ಷರಗಳು ಸವೆದುಹೋಗಿದ್ದರಿಂದ, ಈ ಸಲ ಆಳ ಅಳೆದು ಪ್ರಮಾಣಪತ್ರ ಕೊಡುವ ಕೆಲಸವನ್ನು ಸಮಿತಿ ನನಗೆ ಒಪ್ಪಿಸಿತ್ತು. ಐದು ಮಿಲಿಮೀಟರ್‌ಗೆ ಕಡಿಮೆಯಿರಬಾರದು ಎಂದು ನಾನೇ ಬರೆದುಕೊಟ್ಟಿದ್ದೆ. ಉದ್ಘಾಟನೆಗೆ ಎರಡು ದಿನ ಮುಂಚೆ ವರ್ನಿಯರ್ ಕ್ಯಾಲಿಪರ್ ಹಿಡಿದು ಹೋದೆ. ಸಮಿತಿಯ ಅಧ್ಯಕ್ಷ ಪದ್ಮರಾಜಯ್ಯನವರು ಸೈನಿಕರ ಚಪ್ಪಡಿಯಲ್ಲಿ ಮೂರು ಹೆಸರು ತೋರಿಸಿದರು. ಮೂರೂ ಐದೂಕಾಲು. ಸ್ವಯಂಸೇವಕರ ಚಪ್ಪಡಿಗೆ ಬಟ್ಟೆ ಮುಚ್ಚಿತ್ತು.

"ಅದಕ್ಕಿನ್ನೂ ಬಣ್ಣ ಹಸಿ ಮೇಷ್ಟ್ರೇ. ಅದೇ ಕಲ್ಲು, ಅದೇ ಕೈ. ಅನ್ನ ಬೆಂದಿದೆಯಾ ನೋಡೋಕೆ ಪಾತ್ರೆಯ ಅಗುಳೆಲ್ಲ ಹಿಚುಕ್ತಾರಾ?" ಎಂದು ಅವರು ನಕ್ಕರು.

ನಾನೂ ನಕ್ಕೆ. ಪ್ರಯೋಗಾಲಯದಲ್ಲಿ ಅಳೆಯದ ಅಂಕಿ ಬರೆದ ಹುಡುಗರಿಗೆ ಸೊನ್ನೆ ಹಾಕುತ್ತಿದ್ದ ನಾನು "ಎಲ್ಲ ಹೆಸರುಗಳೂ ಐದು ಮಿಲಿಮೀಟರ್‌ಗಿಂತ ಆಳವಾಗಿವೆ" ಎಂದು ಬರೆದು ಸಹಿ ಹಾಕಿದೆ.

ಉದ್ಘಾಟನೆಯ ದಿನ ಬಟ್ಟೆ ಸರಿದಾಗ ಎರಡೂ ಚಪ್ಪಡಿಗಳ ಹೆಸರುಗಳು ಚಿನ್ನದ ಬಣ್ಣದಲ್ಲಿ ಒಂದೇ ಸಮನೆ ಹೊಳೆದವು. ಕಣ್ಣಿಗೆ ವ್ಯತ್ಯಾಸವೇ ಕಾಣಲಿಲ್ಲ. ಚಪ್ಪಾಳೆ ಬಿತ್ತು. ಮೊದಲ ಏಟಿಗೂ ಉದ್ಘಾಟನೆಗೂ ಯಾರೂ ಕರೆಯದಿದ್ದರೂ ಬಂದಿದ್ದ ಗಿರಿಯಮ್ಮ ಯಾರದೋ ಕೈ ಹಿಡಿದು ಮುಂದೆ ಬಂದು, "ಓಬಳಯ್ಯ ಅಂತ ಎಲ್ಲೈತೆ, ಅಲ್ಲಿ ನನ್ನ ಬೆರಳು ಇಡಿ" ಎಂದಳು. ಇಟ್ಟವನು ನಾನೇ.

ಬೆರಳು ಮೂರು ಸಲ ಹೋಗಿ ಬಂದಿತು.

"ಇಲ್ಲೇನೂ ಇಲ್ವಲ್ಲಪ್ಪ. ಬರೀ ನುಣ್ಣಗೈತೆ."

"ಇದೆಯಮ್ಮ, ಎಲ್ಲರಿಗೂ ಕಾಣ್ತಿದೆ," ಎಂದರು ಪದ್ಮರಾಜಯ್ಯ. "ನಿನ್ನ ಬೆರಳಿಗೂ ವಯಸ್ಸಾಯ್ತು. ಇದೋ, ಮೇಷ್ಟ್ರೇ ಅಳೆದು ಬರೆದುಕೊಟ್ಟಿದ್ದಾರೆ."

ಆಕೆ ನನ್ನ ಕಡೆ ತಿರುಗಿದಳು. "ಹೌದಾ ಮೇಷ್ಟ್ರೇ? ನೀವು ಅಳೆದ್ರಾ?"

ನಾನು ಕಲ್ಲು ಮುಟ್ಟಿದೆ. ಕನ್ನಡಿಯಂತೆ ನುಣುಪು. ಬಾಯಿ ತೆರೆದೆ; ಅಷ್ಟರಲ್ಲಿ ಬ್ಯಾಂಡು ಶುರುವಾಯಿತು. ಅದು ಶುರುವಾದದ್ದಕ್ಕೆ ನನಗೆ ಸಮಾಧಾನವಾಯಿತು ಎಂಬುದನ್ನು ಇಲ್ಲಿ ಬರೆದಿಡಬೇಕು. ಆಕೆಯ ಕೈಗೆ ಒಬ್ಬರು ಲಾಡು ಇಟ್ಟರು. ಆಕೆ ಅದನ್ನು ತಿನ್ನದೆ ಹಿಡಿದುಕೊಂಡೇ ಹೋದಳು.

ಮಧ್ಯಾಹ್ನ ಕ್ಯಾಲಿಪರ್‌ನೊಂದಿಗೆ ಒಬ್ಬನೇ ವಾಪಸು ಬಂದೆ. ಬಿಸಿಲಿಗೆ ಹಾರದ ಹೂಗಳು ಕಪ್ಪಾಗಿದ್ದವು, ತಿಂದು ಬಿಸಾಡಿದ ಎಲೆಗಳ ಮೇಲೆ ನೊಣ ಕೂತಿತ್ತು, ಬಣ್ಣದ ವಾಸನೆ ಗಂಟಲಿಗೆ ಹತ್ತುತ್ತಿತ್ತು. ಹದಿನಾಲ್ಕು ಹೆಸರನ್ನೂ ಅಳೆದೆ. ಹದಿನಾಲ್ಕೂ ಸೊನ್ನೆ. ಚಪ್ಪಡಿಯ ಕೆಳಗೆ ಸಮಿತಿಯವರ ಹೆಸರುಗಳ ಫಲಕವೊಂದಿತ್ತು. ಅದರಲ್ಲಿ ಪದ್ಮರಾಜಯ್ಯನವರ ಹೆಸರಿನ ಆಳ ಎಂಟು ಮಿಲಿಮೀಟರ್. ಕ್ಯಾಲಿಪರ್ ಮಡಿಸಿಕೊಂಡು ಕುಟಿಗನನ್ನು ಹುಡುಕಿ ಹೊರಟೆ.

ಕಲ್ಲು ಕೊರೆದ ಚೌಡಪ್ಪ ಎಲೆಯಡಿಕೆ ಜಗಿಯುತ್ತ ನನಗಾಗಿಯೇ ಕಾಯುತ್ತಿದ್ದವನ ಹಾಗೆ ತನ್ನ ಜೋಪಡಿಯ ಮುಂದೆ ಕೂತಿದ್ದ.

"ಸೈನಿಕರದ್ದು ಮುಗಿಸಿ ಇವರದ್ದಕ್ಕೆ ಕೈ ಹಾಕ್ಬೇಕು ಅನ್ನೋ ಹೊತ್ಗೆ ಸಮಿತಿಯೋರ ಫಲಕ ತಂದಿಟ್ರು ಸಾಮಿ. ಮೊದ್ಲು ಇದು ಅಂದ್ರು. ಅದು ಮುಗಿಯೋ ಹೊತ್ಗೆ ದಿನ ಬಂದೇಬಿಡ್ತು. ಪೇಂಟರ್ ಕರೆಸಿ ಬರೆಸಿಬಿಟ್ರು. ನೀವು ಮುಟ್ಟಿ ನೋಡ್ತೀರಿ, ತಡೀತೀರಿ ಅಂದ್ಕೊಂಡಿದ್ದೆ." ಅವನು ಪಕ್ಕಕ್ಕೆ ಉಗುಳಿದ. ನನ್ನ ಕಡೆಗಲ್ಲ; ಆದರೂ ನನಗೆ ತಗುಲಿತು.

ಸಂಜೆ ಪದ್ಮರಾಜಯ್ಯನವರ ಮನೆಗೆ ಹೋಗಿ ಪ್ರಮಾಣಪತ್ರ ವಾಪಸು ಕೇಳಿದೆ. ಅವರು ಸಿಟ್ಟಾಗಲಿಲ್ಲ. ಕಾಫಿ ತರಿಸಿದರು.

"ಅವರೇನು ಬಂದೂಕು ಹಿಡಿದವರಾ ಮೇಷ್ಟ್ರೇ? ಡೋಲಿ ಹೊತ್ತವರು. ಬಣ್ಣ ಹೋದರೆ ಇನ್ನೊಂದು ಸಲ ಬಳಿಸಿದರಾಯ್ತು. ಒಬ್ಬ ಕುರುಡಿ ಬಿಟ್ಟು ಮತ್ಯಾರಿಗೆ ಗೊತ್ತಾಯ್ತು ಹೇಳಿ?"

ಕಾಫಿ ಮುಟ್ಟದೆ ಎದ್ದೆ. ಅಂದು ನನ್ನಿಂದಾದ ಶೌರ್ಯ ಅಷ್ಟೇ.

ಮರುದಿನ ಬೆಳಿಗ್ಗೆ ಗಿರಿಯಮ್ಮನ ಮನೆಗೆ ಹೋಗಿ, "ನಾನು ಅಳೆದಿರಲಿಲ್ಲಮ್ಮ. ಸುಳ್ಳು ಬರೆದೆ," ಎಂದೆ. ಆಕೆ ತೋರುಬೆರಳನ್ನು ಹೆಬ್ಬೆರಳಿಗೆ ತೀಡಿಕೊಂಡಳು.

"ನನ್ನ ಬೆರಳು ಸತ್ತಿಲ್ಲ ಅಂತಾಯ್ತು," ಎಂದಳು ಆಮೇಲೆ. "ರಾತ್ರಿಯೆಲ್ಲ ಸೆರಗು ಮುಟ್ಟಿ, ಅಕ್ಕಿಕಾಳು ಮುಟ್ಟಿ ನೋಡ್ಕೊಂತಿದ್ದೆ ಕಣಪ್ಪ. ನಡೀರಿ, ಚೌಡಪ್ಪನ್ನ ಕರೀರಿ."

ನಾವು ಮೂವರೂ ಸ್ಮಾರಕಕ್ಕೆ ಹೋದೆವು. ಓಬಳಯ್ಯನ ಹೆಸರಿನ ಮೊದಲ ಅಕ್ಷರದ ಮೇಲೆ ಚೌಡಪ್ಪ ಉಳಿ ಹಿಡಿದ. ಗಿರಿಯಮ್ಮ ಎಡಗೈಯಿಂದ ಉಳಿಯ ತಲೆ ಹುಡುಕಿಕೊಂಡು, ಬಲಗೈಯಲ್ಲಿ ಸುತ್ತಿಗೆ ಎತ್ತಿದಳು. "ಅಣ್ಣಾ" ಎಂದಳೋ, ಉಸಿರು ಬಿಟ್ಟಳೋ ತಿಳಿಯಲಿಲ್ಲ. ಏಟು ಬಿತ್ತು. ಕಲ್ಲಿನ ಚೂರೊಂದು ನನ್ನ ಕೆನ್ನೆಗೆ ಸಿಡಿಯಿತು.

ಎರಡನೆಯ ಏಟು ಬೀಳಲಿಲ್ಲ. ಕಾವಲುಗಾರ ಸೀಟಿ ಊದಿದ, ಜನ ಸೇರಿದರು, ಪೊಲೀಸರು ಬಂದು ಚೌಡಪ್ಪನ ಉಳಿ ಸುತ್ತಿಗೆ ಕಿತ್ತುಕೊಂಡರು. ರಾಷ್ಟ್ರೀಯ ಸ್ಮಾರಕಕ್ಕೆ ಹಾನಿ ಮಾಡಿದೆವೆಂದು ಮೂವರಿಂದಲೂ ಮುಚ್ಚಳಿಕೆ ಬರೆಸಿಕೊಂಡರು. ಸ್ಮಾರಕದ ಸುತ್ತಲೂ ಸರಪಳಿ ಬಂತು. ನನ್ನ ಪ್ರಮಾಣಪತ್ರ ಸುಳ್ಳೆಂದು ನಾನು ಬರೆದ ಪತ್ರಗಳಿಗೆ ಉತ್ತರ ಬರಲಿಲ್ಲ. ಗಿರಿಯಮ್ಮ ಇದ್ದಷ್ಟು ದಿನ ಸರಪಳಿಯ ಆಚೆಯಿಂದಲೇ ಬಗ್ಗಿ ಕೈ ಚಾಚಿ ಆ ಗುರುತನ್ನು ಮುಟ್ಟಿ ಹೋಗುತ್ತಿದ್ದಳು.

ಬಣ್ಣವನ್ನು ಯಾರೂ ಮತ್ತೆ ಬಳಿಸಲಿಲ್ಲ. ಕೊನೆಯ ಸಲ ನಾನು ಅಲ್ಲಿಗೆ ಹೋದಾಗ ಹದಿಮೂರು ಹೆಸರುಗಳ ಜಾಗದಲ್ಲಿ ಏನೂ ಇರಲಿಲ್ಲ. ಹದಿನಾಲ್ಕನೆಯದರ ಜಾಗದಲ್ಲಿ ಜೋಳದ ಕಾಳಿನಷ್ಟು ಅಗಲದ, ಒಂದೇ ಏಟಿನ ಕಚ್ಚು ಇತ್ತು. ಸರಪಳಿ ದಾಟಿ ಅದರ ಮೇಲೆ ತೋರುಬೆರಳಿಟ್ಟೆ, ಬೆರಳು ನಿಂತಿತು. ಆಮೇಲೆ ಕ್ಯಾಲಿಪರ್ ತೆಗೆದು ಮೂರು ಸಲ ಅಳೆದೆ. ಮೂರು ಸಲವೂ ಒಂದೇ ಬಂತು.

ಆಳ, ಒಂದು ಪಾಯಿಂಟ್ ನಾಲ್ಕು ಮಿಲಿಮೀಟರ್.