ಬಿಳಿ ಕುದುರೆಯ ಫೋಟೊ

ನಮ್ಮಣ್ಣ ವಾಮದೇವಪ್ಪನ ಪಡಸಾಲೆಯಲ್ಲಿ ಒಂದು ಫೋಟೊ ಇದೆ. ಬಿಳಿ ಕುದುರೆಯ ಮೇಲೆ ಮದುಮಗನಾಗಿ ಅವನ ಮಗ. ಕುದುರೆ ಕತ್ತೆತ್ತಿ, ಮುಂಗಾಲು ಎತ್ತಿ ಕುಣಿಯುತ್ತಿದೆ. ಬಂದವರೆಲ್ಲ ಎಂಥ ಚೆಂದದ ಕುದುರೆ ಎನ್ನುತ್ತಾರಂತೆ. ನಾನು ಆ ಮನೆಯ ಹೊಸ್ತಿಲು ತುಳಿದು ಐದು ವರ್ಷವಾಯಿತು. ಒಂದು ಪ್ರಾಣಿಗಾಗಿ ಒಡಹುಟ್ಟಿದವನನ್ನು ಬಿಡುತ್ತಾರೆಯೇ ಎಂದು ನೆಂಟರು ನನಗೇ ಬುದ್ಧಿ ಹೇಳುತ್ತಾರೆ. ಹೇಳಲಿ.

ಐವತ್ತೆಂಟನೇ ಇಸವಿಯ ಮಾತು. ನಾನು ದಾವಣಗೆರೆಯ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್. ಸಿತಾರಾ ಎಂಬ ಆ ಕುದುರೆ ಜಟಕಾ ಹೊಡೆಯುವ ಮಕ್ತುಮ್ ಸಾಬರದು. ಬ್ಯಾಂಡು, ಪಟಾಕಿ ಯಾವುದಕ್ಕೂ ಬೆದರದ ಹೆಣ್ಣು ಕುದುರೆ, ಹಾಗಾಗಿ ಊರಿನ ಮದುವೆಗಳಿಗೆಲ್ಲ ಅದೇ ಬೇಕು. ಅಣ್ಣನೂ ಮಗನ ಮೆರವಣಿಗೆಗೆ ಹೇಳಿಟ್ಟಿದ್ದ. ಮದುವೆಗೆ ಮೂರು ದಿನವಿರುವಾಗ, ಹರಿಹರದಿಂದ ಸವಾರಿ ಮುಗಿಸಿ ಬರುತ್ತ ಊರ ಹತ್ತಿರ ಅದು ಮುಗ್ಗರಿಸಿತು. ಮುಂಗಾಲಿನ ಮೂಳೆ ಬಿರುಕು ಬಿಟ್ಟಿತ್ತು. ಡಾಕ್ಟರು ಬಿದಿರಿನ ದಬ್ಬೆ ಕಟ್ಟಿ, ಎರಡು ತಿಂಗಳು ಲಾಯದಿಂದ ಹೊರಗೆ ತರಬಾರದು ಎಂದರು.

ನೋವಿಗೆ ಸಿತಾರಾ ಮೇವು ಬಿಟ್ಟಿತು. ಮದುವೆಯ ದಿನ ಮಧ್ಯಾಹ್ನ ಡಾಕ್ಟರು ಲಾಯಕ್ಕೇ ಬಂದು ಮಾರ್ಫಿನ್ ಸೂಜಿ ಹಾಕಿದರು. ಅಫೀಮಿನಿಂದ ತೆಗೆದ ಔಷಧ ಅದು. ಮನುಷ್ಯನಿಗೆ ಮಂಪರು ತರುತ್ತದೆ, ಕುದುರೆಗೆ ಎಷ್ಟೋ ಸಲ ಉಲ್ಟಾ. ನೆಲ ಕೆರೆಯುತ್ತದೆ, ಬೆವರುತ್ತದೆ, ನಿಂತಲ್ಲಿ ನಿಲ್ಲುವುದಿಲ್ಲ. ವಾಸಿಯಾಯಿತೆಂದು ತಿಳಿಯಬೇಡಿ, ಗಿಡ್ಡ ಹಗ್ಗದಲ್ಲಿ ಕಟ್ಟಿ, ಕರುಳೂ ಮಂದವಾಗುವುದರಿಂದ ಲದ್ದಿ ಬೀಳುವವರೆಗೆ ಒಣಹುಲ್ಲು ಹಾಕಬೇಡಿ ಎಂದು ಡಾಕ್ಟರು ಸಾಬರಿಗೂ ಅವರ ಹೆಂಡತಿ ಹಜೀರಾಬೀಗೂ ಬಿಡಿಸಿ ಹೇಳಿ ಹೋದರು. ಹಜೀರಾಬೀ ಎರಡು ಹಗ್ಗ ಬಿಗಿದು ಕುದುರೆಯ ಎದುರಿಗೇ ಕೂತರು.

ನಾನು ಇನ್ನೂ ಅಲ್ಲೇ ಇದ್ದಾಗ ಅಣ್ಣ ಬಂದ. ಸಿತಾರಾ ಕಣ್ಣು ಹೊಳೆಸುತ್ತ, ಕತ್ತು ನಿಗುರಿಸಿ ನೆಲ ಕೆರೆಯುತ್ತಿತ್ತು.

"ಇದಕ್ಕೇನಾಗೈತೋ ಕೊಟ್ಟೂರ? ಹೆಂಗೆ ಕುಣೀತೈತೆ ನೋಡು."

"ಕುಣಿಸ್ತಿರೋದು ಔಷಧ ಕಣಣ್ಣ. ಕಾಲು ಹೆಂಗಿತ್ತೋ ಹಂಗೇ ಐತೆ."

ಮೌಲಾ ಸಾಬರ ಕಂದು ಕುದುರೆ ಇದೆ, ಅದನ್ನು ಕರೆಸು ಎಂದೆ. ಫೋಟೊಗೆ ಬಿಳಿಯದೇ ಲಕ್ಷಣ ಎಂದು ಗೊಣಗಿದ, ಆಮೇಲೆ ತಲೆಯಾಡಿಸಿದ. ಒಪ್ಪಿದನೆಂದು ನಂಬಿ ನಾನು ಆಸ್ಪತ್ರೆಗೆ ಹೋದೆ. ನನ್ನಂಥ ದಡ್ಡ ಇನ್ನೊಬ್ಬನಿಲ್ಲ. ಅವನು ಮಕ್ತುಮ್ ಸಾಬರನ್ನು ಮಂಡಿಪೇಟೆಯ ತನ್ನ ಅಂಗಡಿಗೆ ಕರೆಸಿ, ನಿನ್ನ ಲಾಯ ಇರುವುದು ಯಾರ ಜಾಗದಲ್ಲಿ ಎಂದು ಕೇಳಿದನಂತೆ. ಅಷ್ಟೇ ಕೇಳಿದ್ದು. ಹೆಂಡತಿ ಅಡ್ಡ ನಿಂತರೂ ಸಾಬರು ಹಗ್ಗ ಬಿಚ್ಚಿದರು. ದಬ್ಬೆ ಕಂಡರೆ ಫೋಟೊ ಕೆಡುತ್ತದೆಂದು ಅಣ್ಣ ಅದನ್ನೂ ಬಿಚ್ಚಿಸಿದ.

ಸಂಜೆ ನಾನು ಮಂಡಿಪೇಟೆಗೆ ಬರುವಷ್ಟರಲ್ಲಿ ಮೆರವಣಿಗೆ ಹೊರಟಿತ್ತು. ಸಿತಾರಾ ಒಂಚೂರೂ ಕುಂಟುತ್ತಿರಲಿಲ್ಲ. ಕುಂಟಿದ್ದರೆ ಯಾರಾದರೂ ಪುಣ್ಯಾತ್ಮರು ನಿಲ್ಲಿಸುತ್ತಿದ್ದರು. ಮೈಯೆಲ್ಲ ಬೆವರಿ ತಕತಕ ಕುಣಿಯುತ್ತಿದ್ದ ಕುದುರೆಗೆ ಜನ ಶಿಳ್ಳೆ ಹಾಕುತ್ತಿದ್ದರು. ನಾನು ನುಗ್ಗಿ ಕಡಿವಾಣ ಹಿಡಿದೆ. ಅಣ್ಣ ನಗುಮುಖದಲ್ಲೇ ನನ್ನ ಬೆರಳು ಒಂದೊಂದಾಗಿ ಬಿಡಿಸಿ, ಬೀಗರೆದುರು ಮಾನ ಕಳೆಯಬೇಡ ಎಂದ.

ಇಪ್ಪತ್ತು ಹೆಜ್ಜೆ ಹೋಗಿರಬಹುದು. ಬ್ಯಾಂಡಿನ ಗದ್ದಲದಲ್ಲೂ ಲಟ್ಟೆಂದದ್ದು ಕೇಳಿಸಿತು. ಕುದುರೆ ಕುಸಿಯಿತು, ಮದುಮಗ ಜಾರಿ ಬಿದ್ದ. ಅವನಿಗೇನೂ ಆಗಲಿಲ್ಲ. ಸಿತಾರಾ ಎದ್ದು, ಮುರಿದು ಜೋತಾಡುವ ಕಾಲನ್ನೇ ನೆಲಕ್ಕೆ ಊರಿತು. ಬಿತ್ತು. ಮತ್ತೆ ಊರಿತು. ಕಾಲು ಹೋಗಿದೆ ಎಂಬುದೇ ಅದಕ್ಕೆ ತಿಳಿಯುತ್ತಿರಲಿಲ್ಲ. ನೋವಿದ್ದಿದ್ದರೆ ಅದು ಲಾಯದಿಂದ ಹೊರಗೆ ಹೆಜ್ಜೆಯನ್ನೇ ಇಡುತ್ತಿರಲಿಲ್ಲ.

ಅಣ್ಣ ನನ್ನ ಕಿವಿಯ ಹತ್ತಿರ ಬಗ್ಗಿದ.

"ಆ ಸೂಜಿ ಇನ್ನೊಂದು ಹಾಕೋ. ಮನೆ ಇಲ್ಲೇ ಐತೆ, ಬಾಗಿಲತನಕ ನಡೆದ್ರೆ ಸಾಕು."

ಎಲ್ಲರೆದುರು ಅವನ ಕೆನ್ನೆಗೆ ಬಾರಿಸಿದೆ. ಒಂದೇ ಬಾರಿಸಿದೆನಲ್ಲ ಎಂದು ಇವತ್ತಿಗೂ ಕೈ ಹಿಸುಕಿಕೊಳ್ಳುತ್ತೇನೆ.

ಹಜೀರಾಬೀ ಜನರನ್ನು ನೂಕಿಕೊಂಡು ಬಂದು, ಕುದುರೆಯನ್ನು ಮಲಗಿಸಿ, ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ಗಂಡನ ಕಡೆ ನೋಡಲಿಲ್ಲ. ಇನ್ನು ಉಳಿದಿರುವುದು ಡಾಕ್ಟರ ಬಂದೂಕು ಒಂದೇ ಎಂದು ನಾನು ಹೇಳಬೇಕಾಯಿತು. ಅವರು ಕುದುರೆಯ ಹಣೆ ಸವರುತ್ತ ಕೇಳಿದರು.

"ಈಗ ಇದಕ್ಕೆ ನೋವಾಗ್ತೈತೇನ್ರಿ?"

"ಇಲ್ಲ. ಇನ್ನೊಂದು ತಾಸು ಆಗಂಗಿಲ್ಲ."

"ಹಂಗಾದ್ರೆ ಜಲ್ದಿ ಕರಕೊಂಡು ಬರ್ರಿ. ಔಷಧ ಇಳಿಯೋದ್ರಾಗೆ ಮುಗೀಲಿ."

ನಾನು ಓಡಿದೆ. ಡಾಕ್ಟರನ್ನು ಕರೆದುಕೊಂಡು ಬರುವಷ್ಟರಲ್ಲಿ ಬ್ಯಾಂಡು ಮತ್ತೆ ಶುರುವಾಗಿತ್ತು. ಮೌಲಾ ಸಾಬರ ಕಂದು ಕುದುರೆ ಬಂದಿತ್ತು. ಮದುಮಗ ಅದರ ಮೇಲೆ ಕೂತು, ಸಿತಾರಾಳನ್ನು ಬಳಸಿಕೊಂಡು ಮನೆ ಸೇರಿದ.