ಗೇಟಿನ ಪರೀಕ್ಷೆ

ರಾಮನಗರದ ಆಚೆಯ ಫ್ಯಾಕ್ಟರಿಯೊಂದರಲ್ಲಿ ಹದಿನಾಲ್ಕು ವರ್ಷ ಎಂಜಿನಿಯರಾಗಿದ್ದ ಮರಿಸ್ವಾಮಿ, ಇನ್ನೊಬ್ಬರ ಕೈಕೆಳಗೆ ದುಡಿದದ್ದು ಸಾಕೆಂದು ಕಾಯಂ ಕೆಲಸ ಬಿಟ್ಟು, ಅಲ್ಲಿಯ ಬಾಯ್ಲರ್ ರಿಪೇರಿಯನ್ನೇ ಕಂಟ್ರಾಕ್ಟ್ ಹಿಡಿದಿದ್ದ. ಮೊದಲ ದಿನವೇ ಬಾಯ್ಲರ್ ಕೆಟ್ಟು ನಿಂತು, ಬೇಗ ಬಾ ಎಂದು ಫೋನು ಬಂತು. ಕನಕಪುರದಿಂದ ಬಿದ್ದಂಬೀಳ ಬಂದವನನ್ನು ಸೆಕ್ಯೂರಿಟಿ ಕಬ್ಬಾಳಯ್ಯ ಗೇಟಿನಲ್ಲೇ ತಡೆದ.

“ಕಂಟ್ರಾಕ್ಟರ್ ಆದೋರು ಸೇಫ್ಟಿ ವಿಡಿಯೋ ನೋಡಿ ಪರೀಕ್ಷೆ ಬರೀಬೇಕು ಸಾ. ಹತ್ತಕ್ಕೆ ಹತ್ತೂ ಸರಿ ಇದ್ರೇನೆ ಒಳಕ್ಕೆ. ನೀವೇ ಮಾಡಿದ್ ರೂಲ್ಸು.”

“ಆ ವಿಡಿಯೋದಲ್ಲಿ ಮಾತಾಡೋನೇ ನಾನು ಕಣಯ್ಯ.”

“ಗೊತ್ತು ಸಾ. ಕೂತ್ಕಳಿ.”

ಮುಕ್ಕಾಲು ಗಂಟೆ ಮರಿಸ್ವಾಮಿ ಹಲ್ಲು ಕಚ್ಚಿಕೊಂಡು ತನ್ನ ಕೊರೆತವನ್ನು ತಾನೇ ಕೇಳಿಸಿಕೊಂಡ. ಒಳಗಿನಿಂದ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಉತ್ತರ ಗೀಚಿ ಬಿಸಾಕಿದ ಹಾಳೆಯನ್ನು ಕಬ್ಬಾಳಯ್ಯ ತನ್ನ ಬಳಿಯಿದ್ದ ಸರಿಯುತ್ತರದ ಹಾಳೆಯ ಜೊತೆ ಬೆರಳಿಟ್ಟು ಒಂದೊಂದಾಗಿ ತಾಳೆ ನೋಡಿದ.

“ಒಂದು ತಪ್ಪಾಗೈತೆ ಸಾ. ಅಪಾಯ ಆದ್ರೆ ಯಾರನ್ನ ಕರೀಬೇಕು ಅನ್ನೋದಕ್ಕೆ ನಟರಾಜು ಅಂತ ಬರ್ದಿದ್ದೀರಿ.”

“ನನ್ನ ಜಾಗಕ್ಕೆ ಈಗ ಬಂದಿರೋನು ಅವನೇ ತಾನೇ?”

“ಸರಿಯುತ್ತರದ ಹಾಳೇಲಿ ಇನ್ನೂ ನಿಮ್ ಹೆಸ್ರೇ ಐತೆ,” ಎಂದು ಕಬ್ಬಾಳಯ್ಯ ವಿಡಿಯೋವನ್ನು ಮೊದಲಿನಿಂದ ಹಾಕಿದ.

ಕುತ್ತಿಗೆಗೆ ಐಡಿ ಕಾರ್ಡು ಹಾಕಿಕೊಂಡ ಟೀವಿಯೊಳಗಿನ ಮರಿಸ್ವಾಮಿ, ನಗುತ್ತಾ, ಫ್ಯಾಕ್ಟರಿಗೆ ಸ್ವಾಗತ ಎಂದ.