ಹರಿಗೋಲಿನಲ್ಲಿ ಬಂದ ಅಕ್ಕೋರು

ತುರ್ವಿಹಾಳದ ಶಾಲೆಗೆ ಹೊಸ ಅಕ್ಕೋರಾಗಿ, ಅಂದರೆ ಶಿಕ್ಷಕಿಯಾಗಿ, ನೇಮಕವಾದ ಶೇಖರಮ್ಮ ಕಾರಟಗಿಯಲ್ಲಿ ಎರಡು ದಿನ ಬಸ್ಸಿಗೆ ಕಾದಳು. ಮಳೆಗೆ ಎರೆಮಣ್ಣಿನ ದಾರಿಯೆಲ್ಲ ಕೆಸರಾಗಿ ಬಂಡಿಯೂ ಹೊರಡುವಂತಿರಲಿಲ್ಲ. ಹೋದ ವರ್ಷವಷ್ಟೇ ನೀರು ಕಂಡಿದ್ದ, ಊರ ಪಕ್ಕದ ಹೊಸ ಕಾಲುವೆಯಲ್ಲಿ ಮುಕ್ಕುಂದದ ಗದ್ದೆಪ್ಪ ಜನರನ್ನು ಆಚೆ ದಡಕ್ಕೆ ದಾಟಿಸುತ್ತಿದ್ದ. ಅದೇ ಕಾಲುವೆ ಮುಂದೆ ತುರ್ವಿಹಾಳವನ್ನೂ ಹಾದುಹೋಗುತ್ತದೆಂದು ತಿಳಿದು, ಮೂರನೆಯ ದಿನ ಬೆಳಿಗ್ಗೆ ಅವನ ಹರಿಗೋಲಿನಲ್ಲಿ ಟ್ರಂಕು ಇಟ್ಟುಕೊಂಡು ಕುಳಿತಳು.

ನೀರು ನಿಧಾನವಾಗಿ ಹರಿಯುತ್ತಿತ್ತು. ಗದ್ದೆಪ್ಪ ಹುಟ್ಟು ಹಾಕುವುದೇ ಅಪರೂಪ. ದಡಕ್ಕೆ ತಾಗದಂತೆ ಒಮ್ಮೊಮ್ಮೆ ತಿರುವುತ್ತಿದ್ದ, ಅಷ್ಟೆ. ಎರಡೂ ಕಡೆ ಎತ್ತರದ ಮಣ್ಣಿನ ಏರಿ. ಊರು ಕಾಣದು, ಹೊಲ ಕಾಣದು; ಮೇಲೆ ಮುಗಿಲು ಮಾತ್ರ. ಶೇಖರಮ್ಮನ ತಾಯಿ ತೀರಿಕೊಂಡು ಎರಡು ತಿಂಗಳಾಗಿತ್ತು. ಸುಖವಾಗಿ ಮುಟ್ಟಿದೆನೆಂದು ಕಾಗದ ಬರೆಯಲು ಇನ್ನು ಯಾರೂ ಇಲ್ಲವೆಂಬುದು ಆ ಸದ್ದಿಲ್ಲದ ನೀರಿನ ಮೇಲೆ ಅವಳಿಗೆ ಹೊಳೆಯಿತು.

ಏರಿಯ ಮೇಲೆ ಎಮ್ಮೆ ಮೇಯಿಸುತ್ತಿದ್ದ ಮುದುಕನೊಬ್ಬ ಕೂಗಿದ: "ಯಾರನ್ನ ಕರಕೊಂಡು ಹೊಂಟೀಯೋ ಗದ್ದೆಪ್ಪಾ?"

"ನಮ್ಮಕ್ಕನ ಮಗಳು!"

ಮುಂದೆ ಬಟ್ಟೆ ಒಗೆಯುತ್ತಿದ್ದ ಹೆಂಗಸರಿಗೂ ಅದೇ ಉತ್ತರ. ಶೇಖರಮ್ಮನಿಗೆ ರೇಗಿತು.

"ಸುಳ್ಳು ಯಾಕ ಹೇಳ್ತೀ ಕಾಕಾ?"

"ಒಬ್ಬಾಕಿ ಹೆಣ್ಣಮಗಳು ಅಂದ್ರ ಹತ್ತು ಮಾತು ಕೇಳ್ತಾರ್ರೀ ಅಕ್ಕೋರ. ನಮ್ಮಾಕಿ ಅಂದ್ರ ಅಲ್ಲಿಗೇ ಮುಗೀತದ."

ಮಧ್ಯಾಹ್ನ ಜಾಲಿಮರದ ನೆರಳಿನಲ್ಲಿ ಹರಿಗೋಲು ಕಟ್ಟಿ, ರೊಟ್ಟಿ, ಪುಂಡಿಪಲ್ಯ ಹಂಚಿಕೊಂಡ.

"ನಿಮ್ಮಕ್ಕನ ಮಗಳು ಎಲ್ಲಿರ್ತಾಳ?" ಎಂದು ಕೇಳಿದಳು.

"ನನಗ ಅಕ್ಕನೇ ಇಲ್ರೀ!"

ಇಬ್ಬರೂ ನಕ್ಕರು. ತಾಯಿ ಹೋದ ಮೇಲೆ ಅವಳು ನಕ್ಕದ್ದು ಅಂದೇ ಮೊದಲು. ಆಮೇಲೆ ಹರಿಗೋಲು ಮತ್ತೆ ತೇಲತೊಡಗಿತು. ಈ ಕಾಲುವೆ ಇನ್ನಷ್ಟು ದೂರ ಹೀಗೇ ಒಯ್ಯಲಿ ಎಂದುಕೊಂಡಳು.

ಹೊತ್ತು ಇಳಿಯುವಾಗ ತುರ್ವಿಹಾಳದ ಏರಿ ಬಂತು. ಕರೆದೊಯ್ಯಲು ಯಾರೂ ಬಂದಿರಲಿಲ್ಲ. ಗದ್ದೆಪ್ಪ ಟ್ರಂಕನ್ನು ಮೇಲಿಟ್ಟು, ಹರಿಗೋಲನ್ನು ನೀರಿನಿಂದೆತ್ತಿ ತಲೆಯ ಮೇಲೆ ಬೋರಲು ಹೊತ್ತುಕೊಂಡ.

"ನಡಕೊಂತ ಹೋಗ್ತೀಯೇನು?"

"ಹೂನ್ರೀ. ನೀರು ಹಿಂದಕ್ಕ ಎಲ್ಲಿ ಒಯ್ತದ? ನಾಡದು ಮುಟ್ಟತೀನಿ."

ಒಂದು ದಿನ ಇದ್ದು ಹೋಗು ಎನ್ನಬೇಕೆನಿಸಿತು. ಆದರೆ ಅವಳಿಗೇ ಆ ಊರಲ್ಲಿ ಮನೆಯಿರಲಿಲ್ಲ. ಏರಿಯ ಮೇಲೆ ಅವನು ಕಾಣುವಷ್ಟು ಹೊತ್ತು ನೋಡುತ್ತ ನಿಂತಳು. ಟ್ರಂಕು ಒಬ್ಬಳಿಂದ ಎತ್ತಲಾಗಲಿಲ್ಲ. ಅದರ ಮೇಲೆ ಕುಳಿತು, ಊರ ಕಡೆಯಿಂದ ಯಾರಾದರೂ ಬರುವರೇನೋ ಎಂದು ಸ್ವಲ್ಪ ಹೊತ್ತು ಕಾದಳು. ಕೊನೆಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಟ್ರಂಕಿನ ಹಿಡಿ ಹಿಡಿದು, ಕೆಸರಿನಲ್ಲೇ ಎಳೆದುಕೊಂಡು ನಡೆದಳು.